ಎಲ್ಲಿ ನಿಲ್ಲಿಸಬೇಕೆಂದು ಬರೆದಿಟ್ಟ ವೈದ್ಯ: ವಿಲಿಯಂ ವಿದರಿಂಗ್

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಡ್ರಾಪ್ಸಿ ಎಂಬ ಹೆಸರು ವೈದ್ಯರ ಬಾಯಿಂದ ಬಂದರೆ ಮನೆಮಂದಿ ಅರ್ಧ ಆಸೆ ಬಿಟ್ಟಂತೆಯೇ. ಮೊದಲು ಪಾದ ಊದಿಕೊಳ್ಳುತ್ತಿತ್ತು, ಆಮೇಲೆ ಕಾಲು, ತೊಡೆ, ಕೊನೆಗೆ ಹೊಟ್ಟೆ. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ರೋಗಿ ರಾತ್ರಿಗಳನ್ನು ಕುರ್ಚಿಯಲ್ಲಿ ಕುಳಿತೇ ಕಳೆಯಬೇಕಿತ್ತು. ನಮ್ಮ ಹಳೆಯ ವೈದ್ಯಗ್ರಂಥಗಳು ಜಲೋದರ, ಶೋಫ ಎಂದು ಬೇರೆ ಬೇರೆಯಾಗಿ ಹೇಳುವ ಲಕ್ಷಣಗಳೆಲ್ಲ ಈ ಒಂದೇ ಹೆಸರಿನಡಿ ಸೇರಿದ್ದವು. ವೈದ್ಯರು ಹೊಟ್ಟೆ ಚುಚ್ಚಿ ನೀರು ತೆಗೆಯುತ್ತಿದ್ದರು, ಭೇದಿಗೆ ಕೊಡುತ್ತಿದ್ದರು. ಕೆಲವೇ ದಿನಗಳಲ್ಲಿ ನೀರು ಮತ್ತೆ ತುಂಬಿಕೊಳ್ಳುತ್ತಿತ್ತು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಎಳೆಯುತ್ತಿದ್ದ ಈ ಕಾಯಿಲೆಗೆ ಮೊದಲ ಬಾರಿಗೆ ಭರವಸೆಯ ಮದ್ದನ್ನು, ಅದಕ್ಕಿಂತ ಮುಖ್ಯವಾಗಿ ಆ ಮದ್ದಿನ ಅಳತೆಯನ್ನು ಕೊಟ್ಟವನು ಬರ್ಮಿಂಗ್‌ಹ್ಯಾಂ ನಗರದ ವೈದ್ಯ ವಿಲಿಯಂ ವಿದರಿಂಗ್.

ವಿದರಿಂಗ್ ಹುಟ್ಟಿದ್ದು 1741ರಲ್ಲಿ, ಶ್ರಾಪ್‌ಶೈರ್ ಪ್ರಾಂತ್ಯದ ವೆಲಿಂಗ್ಟನ್ ಎಂಬ ಊರಿನಲ್ಲಿ. ತಂದೆಯದು ಔಷಧಿ ಕೊಡುವ ವೃತ್ತಿ. ಮಗ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿ 1766ರಲ್ಲಿ ವೈದ್ಯಪದವಿ ಪಡೆದ. ಮುಂದೆ ಒಂದು ಗಿಡದಿಂದಲೇ ಹೆಸರು ಗಳಿಸಲಿದ್ದ ಈ ವಿದ್ಯಾರ್ಥಿಗೆ ಸಸ್ಯಶಾಸ್ತ್ರವೆಂದರೆ ಆಗ ಬೇಸರ. ಹೆತ್ತವರಿಗೆ ಬರೆದ ಪತ್ರದಲ್ಲಿ ಆ ವಿಷಯದ ಬಗ್ಗೆ ತನ್ನ ತಾತ್ಸಾರವನ್ನು ಆತ ಮರೆಮಾಚಲಿಲ್ಲ. ಆ ಬೇಸರ ಕಳೆದದ್ದು ಸ್ಟ್ಯಾಫರ್ಡ್ ಪಟ್ಟಣದಲ್ಲಿ ವೃತ್ತಿ ಆರಂಭಿಸಿದ ಮೇಲೆ. ಆತನ ಬಳಿ ಚಿಕಿತ್ಸೆಗೆ ಬಂದಿದ್ದ ಹೆಲೆನಾ ಕುಕ್ಸ್ ಎಂಬ ಯುವತಿಗೆ ಹೂಗಳ ಚಿತ್ರ ಬರೆಯುವ ಹವ್ಯಾಸವಿತ್ತು. ಆಕೆಗೆಂದು ಹೊಲದ ಬದು, ಹಳ್ಳದ ದಂಡೆಗಳಲ್ಲಿ ಗಿಡ ಹುಡುಕುತ್ತಾ ಹೋದ ವೈದ್ಯ ತಾನೇ ಸಸ್ಯಶಾಸ್ತ್ರಜ್ಞನಾದ. 1772ರಲ್ಲಿ ಅವರ ಮದುವೆಯಾಯಿತು. ಬ್ರಿಟನ್ನಿನ ಸಸ್ಯಗಳನ್ನು ಲಿನೇಯಸ್ ಪದ್ಧತಿಯಂತೆ ವರ್ಗೀಕರಿಸಿ ಇಂಗ್ಲಿಷಿನಲ್ಲಿ ವಿವರಿಸಿದ ಆತನ ಗ್ರಂಥ 1776ರಲ್ಲಿ ಹೊರಬಂತು.

ಈ ನಡುವೆ 1775ರಲ್ಲಿ ಬರ್ಮಿಂಗ್‌ಹ್ಯಾಂನ ಹೆಸರಾಂತ ವೈದ್ಯ ವಿಲಿಯಂ ಸ್ಮಾಲ್ ತೀರಿಕೊಂಡರು. ಆ ಸ್ಥಾನಕ್ಕೆ ಬರುವಂತೆ ವಿದರಿಂಗ್‌ಗೆ ಕರೆ ಕಳುಹಿಸಿದವರು ಎರಾಸ್ಮಸ್ ಡಾರ್ವಿನ್, ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ರ ಅಜ್ಜ. ಕಾರ್ಖಾನೆಗಳಿಂದ ಬೆಳೆಯುತ್ತಿದ್ದ ಆ ನಗರದಲ್ಲಿ ವಿದರಿಂಗ್ ಬೇಗನೆ ನೆಲೆಯೂರಿದ. ಹುಣ್ಣಿಮೆಯ ಆಸುಪಾಸಿನಲ್ಲಿ ಸೇರುತ್ತಿದ್ದ ಲೂನಾರ್ ಸೊಸೈಟಿಯಲ್ಲಿ ಜೇಮ್ಸ್ ವಾಟ್, ಮ್ಯಾಥ್ಯೂ ಬೋಲ್ಟನ್, ಜೋಸೆಫ್ ಪ್ರೀಸ್ಟ್ಲಿ ಮೊದಲಾದವರ ಒಡನಾಟವೂ ದೊರೆಯಿತು.

ಅದೇ 1775ರಲ್ಲಿ ಆತನ ಮುಂದೆ ಒಂದು ಕುಟುಂಬದ ಮನೆಮದ್ದಿನ ಪಟ್ಟಿ ಬಂತು. ಶ್ರಾಪ್‌ಶೈರಿನ ವೃದ್ಧೆಯೊಬ್ಬಳು ಬಹುಕಾಲ ಗುಟ್ಟಾಗಿಟ್ಟಿದ್ದ ಮದ್ದು ಅದು. ಓದಿದ ವೈದ್ಯರು ಕೈಚೆಲ್ಲಿದ ಡ್ರಾಪ್ಸಿ ರೋಗಿಗಳು ಅದರಿಂದ ಒಮ್ಮೊಮ್ಮೆ ಗುಣವಾಗುತ್ತಿದ್ದರು. ಆದರೆ ಮದ್ದು ಕುಡಿದವರಿಗೆ ವಿಪರೀತ ವಾಂತಿ, ಭೇದಿ. ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳಿದ್ದ ಆ ಕಷಾಯದಲ್ಲಿ ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲವ್ ಒಂದೇ ಎಂಬುದನ್ನು ಗುರುತಿಸಲು ಗಿಡಗಳ ಪರಿಚಯವಿದ್ದ ವಿದರಿಂಗ್‌ಗೆ ಕಷ್ಟವಾಗಲಿಲ್ಲ. ಗಂಟೆಯಾಕಾರದ ನೇರಳೆ ಹೂ ಬಿಡುವ ಈ ಗಿಡಕ್ಕೆ 1542ರಲ್ಲಿ ಲಿಯೊನಾರ್ಡ್ ಫುಕ್ಸ್ ಎಂಬ ಜರ್ಮನ್ ವೈದ್ಯ ಡಿಜಿಟಾಲಿಸ್ ಎಂದು ಹೆಸರಿಟ್ಟಿದ್ದ. ಹೂವು ದರ್ಜಿಯವರು ಬೆರಳಿಗೆ ಹಾಕಿಕೊಳ್ಳುವ ಟೋಪಿಯಂತೆ ಕಾಣುತ್ತದೆಂಬುದೇ ಹೆಸರಿನ ಮೂಲ. ಗಿಡ ವಿಷವೆಂಬುದು ಹಳ್ಳಿಗರಿಗೆಲ್ಲ ಗೊತ್ತಿತ್ತು. ನಮ್ಮ ಹಿತ್ತಿಲು, ಹೆದ್ದಾರಿಗಳ ಬದಿಯ ಕಣಗಿಲೆಯಲ್ಲಿರುವುದೂ ಇದೇ ಬಗೆಯ ವಿಷ.

ಆ ವೃದ್ಧೆಗೆ ಮದರ್ ಹಟನ್ ಎಂಬ ಹೆಸರನ್ನು ಅನೇಕ ಪುಸ್ತಕಗಳು ಕೊಟ್ಟಿವೆ. ವಿದರಿಂಗ್ ಬರೆದಿಟ್ಟದ್ದರಲ್ಲಿ ಅಂಥ ಹೆಸರೇ ಇಲ್ಲ. ಅದು ಹುಟ್ಟಿಕೊಂಡದ್ದು ಇಪ್ಪತ್ತನೇ ಶತಮಾನದಲ್ಲಿ, ಔಷಧ ಕಂಪನಿಯೊಂದರ ಜಾಹೀರಾತಿನಲ್ಲಿ. ಮದ್ದು ಕೊಟ್ಟ ಹೆಂಗಸಿನ ನಿಜವಾದ ಹೆಸರು ಮಾತ್ರ ದಾಖಲಾಗದೆ ಹೋದದ್ದು ವಿಷಾದದ ಸಂಗತಿ.

ಗಿಡ ಸಿಕ್ಕಿತೆಂದರೆ ಕೆಲಸ ಮುಗಿಯಿತೆಂದಲ್ಲ; ವಿದರಿಂಗ್‌ನ ನಿಜವಾದ ಸಾಧನೆ ಅಲ್ಲಿಂದಾಚೆಯದು. ದಿನಕ್ಕೊಂದು ಗಂಟೆ ಬಡವರನ್ನು ಉಚಿತವಾಗಿ ನೋಡುವ ಕ್ರಮವನ್ನು ಆತ ಇಟ್ಟುಕೊಂಡಿದ್ದ. ವರ್ಷಕ್ಕೆ ಎರಡು, ಮೂರು ಸಾವಿರ ಮಂದಿ ಹಾಗೆ ಬರುತ್ತಿದ್ದರು. ಫಾಕ್ಸ್‌ಗ್ಲವ್ ಮೊದಲು ಪ್ರಯೋಗವಾದದ್ದು ಈ ಬಡ ರೋಗಿಗಳ ಮೇಲೆ. ಆರಂಭದ ಪ್ರಮಾಣಗಳು ಬಹಳ ಹೆಚ್ಚಾಗಿದ್ದವು, ಕೊಟ್ಟ ಅವಧಿಯೂ ದೀರ್ಘವಾಗಿತ್ತು. ಇಂದಿನ ಕಣ್ಣಿಗೆ ಇದು ಅಸಮಾಧಾನ ತರುವ ಸಂಗತಿಯೇ. ಆದರೆ ಆತ ಅದನ್ನು ಮುಚ್ಚಿಡದೆ ತಾನೇ ಬರೆದಿಟ್ಟ ಎಂಬುದನ್ನೂ ಹೇಳಬೇಕು.

ವರ್ಷಗಳ ಅನುಭವದಿಂದ ಒಂದೊಂದೇ ಸಂಗತಿ ತಿಳಿಯಾಯಿತು. ಬೇರಿನ ಶಕ್ತಿ ಋತುವಿಗೊಂದು ಬಗೆ. ಅದರ ಮೇಲೆ ಭರವಸೆಯಿಡುವಂತಿಲ್ಲ. ಎಲೆಯೇ ಲೇಸು. ಅದನ್ನೂ ಗಿಡ ಹೂಬಿಟ್ಟಿರುವ ಹೊತ್ತಿನಲ್ಲಿ ಕೀಳಬೇಕು. ತೊಟ್ಟು ಮತ್ತು ನಡುನರವನ್ನು ತೆಗೆದು, ಬಿಸಿಲಿನಲ್ಲೋ ಬೆಂಕಿಯ ಮುಂದೋ ಒಣಗಿಸಿ ಪುಡಿ ಮಾಡಬೇಕು. ಕುದಿಸಿದ ಕಷಾಯಕ್ಕಿಂತ ಈ ಪುಡಿಯ ಅಥವಾ ಬಿಸಿನೀರಿನಲ್ಲಿ ನೆನೆಸಿ ಸೋಸಿದ ದ್ರವದ ಬಲವನ್ನು ಖಚಿತವಾಗಿ ಅಳೆಯಬಹುದು. ದೊಡ್ಡವರಿಗೆ ಪುಡಿಯ ಪ್ರಮಾಣ ದಿನಕ್ಕೆರಡು ಬಾರಿ 1ರಿಂದ 3 ಗ್ರೇನ್. ಒಂದು ಗ್ರೇನ್ ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 65 ಮಿಲಿಗ್ರಾಂ, ಚಿಟಿಕೆಗಿಂತಲೂ ಕಡಿಮೆ.

ಎಲ್ಲಕ್ಕಿಂತ ಅಮೂಲ್ಯವಾದ ಸಲಹೆ ಯಾವಾಗ ನಿಲ್ಲಿಸಬೇಕೆಂಬುದು. ಮದ್ದು ಮೂತ್ರಪಿಂಡ, ಜಠರ, ನಾಡಿ, ಕರುಳು ಈ ನಾಲ್ಕರಲ್ಲಿ ಒಂದರ ಮೇಲೆ ಪರಿಣಾಮ ತೋರುವವರೆಗೆ ಕೊಡಬೇಕು. ಯಾವುದೇ ಒಂದರ ಮೇಲೆ ಪರಿಣಾಮ ಕಂಡ ಕೂಡಲೇ ನಿಲ್ಲಿಸಬೇಕು. ವಾಂತಿಯಾದರೆ ಮಾತ್ರ ಮದ್ದು ಹತ್ತಿತೆಂಬ ಅಂದಿನ ನಂಬಿಕೆಯನ್ನು ಇದು ತಲೆಕೆಳಗು ಮಾಡಿತು. ಫಾಕ್ಸ್‌ಗ್ಲವ್ ಸೇವಿಸಿದವನಿಗೆ ತಕ್ಷಣ ಏನೂ ಆಗದೆ, ಗಂಟೆಗಳ ನಂತರ ಓಕರಿಕೆ ಆರಂಭವಾಗಬಹುದು. ಪರಿಣಾಮ ಕಾಣಲಿಲ್ಲವೆಂದು ಆತುರದಲ್ಲಿ ಮತ್ತೆ ಮತ್ತೆ ಕೊಡುತ್ತ ಹೋದ ವೈದ್ಯ ರೋಗಿಯನ್ನು ಕೊಂದಾನು. ಪ್ರಮಾಣ ಮೀರಿದಾಗ ತಲೆಸುತ್ತು ಬರುತ್ತದೆ, ವಸ್ತುಗಳು ಹಸಿರಾಗಿ ಹಳದಿಯಾಗಿ ಕಾಣುತ್ತವೆ, ನಾಡಿ ನಿಮಿಷಕ್ಕೆ 35ಕ್ಕೆ ಇಳಿಯುತ್ತದೆ, ಕೊನೆಗೆ ಮೂರ್ಛೆ ಮತ್ತು ಸಾವು ಎಂದು ಆತ ಕೊಟ್ಟ ವಿವರಣೆ ಇಂದಿನ ವಿಷವೈದ್ಯ ಗ್ರಂಥಗಳಿಗೂ ಸಲ್ಲುತ್ತದೆ.

ಯಾರಿಗೆ ಕೊಡಬೇಕೆಂಬುದನ್ನೂ ಆತ ಹೇಳಿದ. ಕಟ್ಟುಮಸ್ತಾದ ಮೈ, ಕೆಂಪೇರಿದ ಮುಖ, ಬಿಗಿಯಾದ ನಾಡಿಯುಳ್ಳವರಲ್ಲಿ ಮದ್ದು ಅಷ್ಟಾಗಿ ಫಲಿಸದು. ಮುಖ ಬಿಳಿಚಿಕೊಂಡು, ನಾಡಿ ದುರ್ಬಲವಾಗಿ ಅಥವಾ ತಾಳ ತಪ್ಪಿ ಮಿಡಿಯುವವರಲ್ಲಿ ಫಲಿಸುತ್ತದೆ. ಎರಡನೆಯ ಬಗೆಯವರಲ್ಲಿ ಅನೇಕರ ಊತಕ್ಕೆ ಹೃದಯದ ಸೋಲೇ ಕಾರಣವೆಂಬುದು ಇಂದಿನ ಜ್ಞಾನ. ಮದ್ದು ಹೃದಯದ ಬಡಿತದ ಮೇಲೆ ಬೇರಾವ ಔಷಧಿಗೂ ಇಲ್ಲದ ಹಿಡಿತ ಹೊಂದಿದೆಯೆಂದು ವಿದರಿಂಗ್ ಗಮನಿಸಿದ್ದ. ಆದರೂ ಅದನ್ನು ಮುಖ್ಯವಾಗಿ ಮೂತ್ರ ಹೆಚ್ಚಿಸುವ ಮದ್ದೆಂದೇ ಬಗೆದಿದ್ದ. ಹೃದಯದ ಮೇಲಿನ ಕ್ರಿಯೆಯೇ ಪ್ರಧಾನವೆಂದು 1799ರಲ್ಲಿ ವಾದಿಸಿದವನು ಮ್ಯಾಂಚೆಸ್ಟರಿನ ಜಾನ್ ಫೆರಿಯರ್.

ಹತ್ತು ವರ್ಷಗಳ ಈ ಅನುಭವ 1785ರಲ್ಲಿ ಸುಮಾರು 200 ಪುಟಗಳ ಪುಸ್ತಕವಾಯಿತು. 150ಕ್ಕೂ ಹೆಚ್ಚು ರೋಗಿಗಳ ವೃತ್ತಾಂತ ಅದರಲ್ಲಿದೆ. ಗುಣವಾದವರನ್ನಷ್ಟೇ ಆರಿಸಿ ಬರೆದಿದ್ದರೆ ಮದ್ದಿಗೂ ಬರೆದವನಿಗೂ ಹೆಚ್ಚಿನ ಕೀರ್ತಿ ಬರುತ್ತಿತ್ತು. ವಿದರಿಂಗ್ ಸತ್ತವರನ್ನೂ ಉಪಯೋಗ ಕಾಣದವರನ್ನೂ ಬಿಡದೆ ಸೇರಿಸಿದ. ಪುಸ್ತಕ ಬರೆಯಲು ಆತುರವೂ ಇತ್ತು. ಫಾಕ್ಸ್‌ಗ್ಲವ್ ಬಳಕೆ ಆ ವೇಳೆಗೆ ಬಾಯಿಂದ ಬಾಯಿಗೆ ಹಬ್ಬಿ, ಅಳತೆ ಅರಿಯದವರ ಕೈಗೂ ಸೇರಿತ್ತು. ಹೀಗೇ ಬಿಟ್ಟರೆ ಒಂದೋ ಜನ ಸಾಯುತ್ತಾರೆ, ಇಲ್ಲವೇ ಒಳ್ಳೆಯ ಮದ್ದೊಂದು ಕೆಟ್ಟ ಹೆಸರು ಪಡೆದು ಮೂಲೆಗೆ ಬೀಳುತ್ತದೆ ಎಂಬುದು ಆತನ ಆತಂಕ.

ಇನ್ನೊಂದು ಕಹಿ ಕಾರಣವೂ ಜೊತೆಗಿದ್ದಿತೆನ್ನಬೇಕು. ಎರಾಸ್ಮಸ್ ಡಾರ್ವಿನ್ ತಮ್ಮ ರೋಗಿಯೊಬ್ಬರ ವಿಷಯದಲ್ಲಿ ವಿದರಿಂಗ್‌ನ ಸಲಹೆ ಪಡೆದಾಗಲೇ ಫಾಕ್ಸ್‌ಗ್ಲವ್ ಚಿಕಿತ್ಸೆಯನ್ನು ಕಂಡವರು. 1778ರಲ್ಲಿ ಅವರ ವೈದ್ಯ ವಿದ್ಯಾರ್ಥಿ ಮಗ ಎಳೆಯ ಪ್ರಾಯದಲ್ಲೇ ತೀರಿಕೊಂಡ. ಎರಡು ವರ್ಷಗಳ ನಂತರ ಮಗನ ಪ್ರಬಂಧವನ್ನು ಪ್ರಕಟಿಸುವಾಗ ತಂದೆ ಫಾಕ್ಸ್‌ಗ್ಲವ್ ಕುರಿತ ಕೆಲವು ಪ್ರಕರಣಗಳನ್ನು ಕೊನೆಗೆ ಸೇರಿಸಿದರು. ವಿದರಿಂಗ್‌ನ ಹೆಸರು ಅಲ್ಲಿ ಬರಲಿಲ್ಲ. ಊರಿಗೆ ಕರೆತಂದ ಹಿರಿಯನೊಡನೆ ಕಿರಿಯನ ಸ್ನೇಹ ಮತ್ತೆ ಕುದುರಲೇ ಇಲ್ಲ. ಬಿಗುಮಾನದ ಸ್ವಭಾವದ ವಿದರಿಂಗ್ ಇಂಥದನ್ನು ಮರೆಯುವವನೂ ಆಗಿರಲಿಲ್ಲ.

ಊರವರ ದೀರ್ಘರೋಗಕ್ಕೆ ಮದ್ದು ಕೊಟ್ಟವನ ಎದೆಯೊಳಗೇ ಮತ್ತೊಂದು ದೀರ್ಘರೋಗ ಬೆಳೆಯುತ್ತಿತ್ತು. ಅದು ಕ್ಷಯ. ಕೆಮ್ಮು, ಜ್ವರ, ರಕ್ತ ಕಾರುವುದು ವರ್ಷದಿಂದ ವರ್ಷಕ್ಕೆ ಹೆಚ್ಚಿದವು. ಹಳ್ಳಿಗಾಡಿನಲ್ಲಿ ಕೆಲವರು ಕ್ಷಯಕ್ಕೂ ಫಾಕ್ಸ್‌ಗ್ಲವ್ ಕೊಡುತ್ತಿದ್ದರು. ಆದರೆ ಅದು ಆ ರೋಗಕ್ಕೆ ಮದ್ದಾಗಿರಲಿಲ್ಲ. ಕ್ಷಯದ ಕ್ರಿಮಿ ಪತ್ತೆಯಾಗಲು 1882 ಬರಬೇಕಿತ್ತು, ಅದನ್ನು ಮಣಿಸುವ ಸ್ಟ್ರೆಪ್ಟೊಮೈಸಿನ್‌ಗೆ ಇಪ್ಪತ್ತನೇ ಶತಮಾನದ ನಡುಭಾಗ. ಬರ್ಮಿಂಗ್‌ಹ್ಯಾಂನ ಹೊಗೆಯಿಂದ ದೂರವಿರಲೆಂದು 1786ರಲ್ಲಿ ಆತ ಎಜ್‌ಬಾಸ್ಟನ್ ಹಾಲ್ ಎಂಬ ಮನೆಗೆ ಹೋದ. 1791ರ ಜುಲೈನಲ್ಲಿ ನಗರದಲ್ಲಿ ದಂಗೆಯೆದ್ದು ಜನಜಂಗುಳಿ ಪ್ರೀಸ್ಟ್ಲಿಯ ಮನೆ, ಪ್ರಯೋಗಶಾಲೆಗಳನ್ನು ಸುಟ್ಟಿತು. ಎಜ್‌ಬಾಸ್ಟನ್ ಹಾಲ್‌ಗೂ ಗುಂಪು ನುಗ್ಗಿತು. ಸೈನಿಕರು ಬಂದದ್ದರಿಂದ ಮನೆ ಉಳಿಯಿತು. ಮುಂದಿನ ಎರಡು ಚಳಿಗಾಲಗಳನ್ನು ವಿದರಿಂಗ್ ಬೆಚ್ಚನೆಯ ಹವೆ ಅರಸಿ ಪೋರ್ಚುಗಲ್‌ನಲ್ಲಿ ಕಳೆದ. ಸುಮ್ಮನೆ ಕೂರುವ ಜಾಯಮಾನವಲ್ಲದ್ದರಿಂದ ಅಲ್ಲಿಯೂ ಕಾಲ್ಡಸ್ ಎಂಬಲ್ಲಿನ ಬಿಸಿನೀರ ಬುಗ್ಗೆಯ ರಾಸಾಯನಿಕ ವಿಶ್ಲೇಷಣೆ ನಡೆಸಿದ. ಖನಿಜಗಳಲ್ಲೂ ಆತನಿಗೆ ಆಸಕ್ತಿಯಿತ್ತು. ಬೇರಿಯಂ ಕಾರ್ಬೊನೇಟ್ ಖನಿಜಕ್ಕೆ ವಿದರೈಟ್ ಎಂಬ ಹೆಸರು ಬಂದದ್ದು ಆತನಿಂದಲೇ.

ಹವೆ ಬದಲಾದರೂ ರೋಗ ಬದಲಾಗಲಿಲ್ಲ. 1799ರ ಅಕ್ಟೋಬರ್ 6ರಂದು, 58ನೇ ವಯಸ್ಸಿನಲ್ಲಿ ವಿದರಿಂಗ್ ನಿಧನನಾದ. ಎಜ್‌ಬಾಸ್ಟನ್ ಹಳೆಯ ಚರ್ಚಿನಲ್ಲಿರುವ ಆತನ ಸ್ಮಾರಕದ ಮೇಲೆ ಫಾಕ್ಸ್‌ಗ್ಲವ್ ಹೂವನ್ನು ಕೆತ್ತಲಾಗಿದೆ.

ಆತ ಹೆದರಿದ್ದಂತೆಯೇ ಮುಂದಿನ ಪೀಳಿಗೆಯ ವೈದ್ಯರು ಜ್ವರಕ್ಕೂ ಕ್ಷಯಕ್ಕೂ ಡಿಜಿಟಾಲಿಸ್ ಕೊಟ್ಟರು, ಅಳತೆಯ ಮಾತನ್ನು ಮರೆತರು. 1930ರಲ್ಲಿ ಸಿಡ್ನಿ ಸ್ಮಿತ್ ಎಂಬ ಬ್ರಿಟಿಷ್ ರಸಾಯನತಜ್ಞ ಇದೇ ಕುಲದ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಎಂಬ ಶುದ್ಧ ವಸ್ತುವನ್ನು ಬೇರ್ಪಡಿಸಿದ. ಹೃದಯ ಸ್ನಾಯುವಿನ ಜೀವಕೋಶಗಳಲ್ಲಿ ಸೋಡಿಯಂ ಹೊರಹಾಕುವ ಪಂಪನ್ನು ಇದು ತಡೆಯುತ್ತದೆ. ಅದರಿಂದ ಒಳಗೆ ಕ್ಯಾಲ್ಸಿಯಂ ಹೆಚ್ಚಿ, ಸ್ನಾಯು ಬಲವಾಗಿ ಕುಗ್ಗುತ್ತದೆ. ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿದು ನೀರು ಇಳಿಯುತ್ತದೆ. 1997ರಲ್ಲಿ ಅಮೆರಿಕ ಮತ್ತು ಕೆನಡಾಗಳ 6,800 ಹೃದ್ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಡಿಗಾಕ್ಸಿನ್ ಆಯುಷ್ಯ ಹೆಚ್ಚಿಸುವುದಿಲ್ಲ, ಆದರೆ ಹೃದಯ ಸೋತು ಆಸ್ಪತ್ರೆ ಸೇರಬೇಕಾದ ಪ್ರಮೇಯವನ್ನು ತಗ್ಗಿಸುತ್ತದೆ ಎಂಬುದು ಅದರ ಸಾರ. ಅದೇ ಅಂಕಿಅಂಶಗಳ ಮರುಪರಿಶೀಲನೆಯಲ್ಲಿ ರಕ್ತದಲ್ಲಿ ಮದ್ದಿನ ಪ್ರಮಾಣ ಕಡಿಮೆಯಿದ್ದವರೇ ಹೆಚ್ಚು ಸುರಕ್ಷಿತವಾಗಿದ್ದುದು ಕಂಡುಬಂತು.

ಹೊಸ ಔಷಧಿಗಳು ಬಂದ ಮೇಲೆ ಡಿಗಾಕ್ಸಿನ್ ಬಳಕೆ ಬಹಳ ಇಳಿದಿದೆ. ಆದರೂ ಕಾಲು ಮಿಲಿಗ್ರಾಂ ತೂಕದ ಈ ಮದ್ದಿನ ಮಾತ್ರೆ ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಕೊಡುವ ಮುನ್ನ ಒಂದು ನಿಮಿಷ ಪೂರ್ತಿ ನಾಡಿ ಎಣಿಸಬೇಕು, 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ಕೊಡದೆ ವೈದ್ಯರಿಗೆ ತಿಳಿಸಬೇಕು ಎಂದು ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸಲಾಗುತ್ತದೆ.