ಡಾಕ್ಟರ್ ವೈಲ್ಡರ್ ಪೆನ್‌ಫೀಲ್ಡ್

ದೇಹದ ಸಕಲ ಅಂಗಗಳನ್ನೂ ಆಳುವುದು ಮಿದುಳೆಂಬುದು ಸರ್ವವಿದಿತವಷ್ಟೆ. ಆದರೆ ಅದರಲ್ಲಿ ಯಾವ ಕಾರ್ಯಕ್ಕೆ ಯಾವ ಸ್ಥಾನವೆಂಬುದನ್ನು, ಎಚ್ಚರವಿರುವ ಮನುಷ್ಯರಲ್ಲಿಯೇ ಪರೀಕ್ಷಿಸಿ ನಕ್ಷೆ ಮಾಡಿಟ್ಟ ಕೀರ್ತಿಯ ಬಹುಭಾಗವು ಪೆನ್‌ಫೀಲ್ಡರಿಗೆ ಸಲ್ಲತಕ್ಕದ್ದು.

ಇವರು 1891ರಲ್ಲಿ ಅಮೆರಿಕದ ಸ್ಪೊಕೇನ್ ಪಟ್ಟಣದಲ್ಲಿ ವೈದ್ಯರ ಮನೆತನದಲ್ಲಿ ಜನಿಸಿದರು. ಆಕ್ಸ್‌ಫರ್ಡಿನಲ್ಲಿ ನರಶಾಸ್ತ್ರಜ್ಞ ಷೆರಿಂಗ್ಟನ್ನರ ಶಿಷ್ಯರಾದರು. 1916ರಲ್ಲಿ, ತಾವಿದ್ದ ಹಡಗು ಟಾರ್ಪಿಡೊ ಏಟಿಗೆ ಗುರಿಯಾದಾಗ ಗಾಯಗೊಂಡು ಬದುಕಿದರು. 1928ರಲ್ಲಿ ಬ್ರೆಸ್ಲಾವಿನ ಫೋರ್ಸ್ಟರರ ಬಳಿ ಮೂರ್ಛೆರೋಗದ ಶಸ್ತ್ರಚಿಕಿತ್ಸಾಕ್ರಮವನ್ನು ಕಂಡು, ಅದೇ ವರ್ಷ ಕೆನಡಾದ ಮಾಂಟ್ರಿಯಲ್ಲಿನಲ್ಲಿ ನೆಲೆಸಿದರು. ಆ ವರ್ಷದ ಕೊನೆಗೆ ಒಡಹುಟ್ಟಿದ ಅಕ್ಕ ರೂತಳ ಮಿದುಳಿನ ಗೆಡ್ಡೆಯನ್ನು ತಾವೇ ಕತ್ತರಿಸಬೇಕಾಗಿ ಬಂದಿತು. ಗೆಡ್ಡೆಯನ್ನು ಪೂರ್ಣವಾಗಿ ತೆಗೆಯಲಾಗಲಿಲ್ಲ. ಕೆಲವು ವರ್ಷಗಳಲ್ಲಿ ಆಕೆ ತೀರಿಕೊಂಡಳು. ಎಷ್ಟು ತೆಗೆದರೆ ಮನುಷ್ಯನು ಮನುಷ್ಯನಾಗಿ ಉಳಿದಾನೆಂಬ ಪ್ರಶ್ನೆಯು ಅವರಿಗೆ ಕೇವಲ ಶಾಸ್ತ್ರದ ಪ್ರಶ್ನೆಯಾಗಿರಲಿಲ್ಲ.

1934ರಲ್ಲಿ ಅವರ ನೇತೃತ್ವದಲ್ಲಿ ಮಾಂಟ್ರಿಯಲ್ ನರರೋಗ ಸಂಸ್ಥೆಯು ತೆರೆಯಿತು. ಮಿದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲ. ಆದುದರಿಂದ ನೆತ್ತಿಯ ಚರ್ಮವನ್ನು ಮಾತ್ರ ಮರಗಟ್ಟಿಸಿ, ಎಚ್ಚರವಿರುವ ರೋಗಿಯ ಮಿದುಳಿಗೆ ತಂತಿಯ ಮೊನೆಯಿಂದ ಮೃದುವಾದ ವಿದ್ಯುತ್ತನ್ನು ತಾಗಿಸುವರು. ಫಲ ಕಂಡಲ್ಲಿ ಅಂಕೆಯ ಚೀಟಿಯನ್ನಿಡುವರು. ಮಿದುಳಿನ ನಡುವಣ ಸೀಳಿನ ಮುಂದೆ ತಾಗಿದರೆ ಎದುರು ಪಕ್ಕದ ಅಂಗವು ಚಲಿಸುವುದು; ಹಿಂದೆ ತಾಗಿದರೆ ಆ ಅಂಗದಲ್ಲಿ ಜೋಮು ತೋರುವುದು. ನೆತ್ತಿಯ ಬಳಿ ಕಾಲು, ಕೆಳಗೆ ಕೈ, ಅದಕ್ಕೂ ಕೆಳಗೆ ಮುಖ, ನಾಲಗೆ. ಮಾತಿನ ಸ್ಥಾನವನ್ನು ತಾಗಿದರೆ, ಕಂಡ ವಸ್ತುವಿನ ಹೆಸರು ಬಾಯಿಗೆ ಬಾರದು. ವಿದ್ಯುತ್ತು ಒಂದೇ, ಸ್ಥಾನ ಬೇರೆಯಾದೊಡನೆ ಫಲವೂ ಬೇರೆ. ಹೀಗೆ ರಕ್ಷಿಸಬೇಕಾದುದನ್ನು ಗುರುತಿಸಿಕೊಂಡ ಮೇಲೆಯೇ ಕತ್ತಿಯು ರೋಗದ ಭಾಗಕ್ಕೆ ಹೋಗುತ್ತಿತ್ತು.

ಕಿವಿಯ ಮೇಲ್ಭಾಗದ ಮಿದುಳನ್ನು ಪರೀಕ್ಷಿಸಿದ 520 ಮಂದಿಯಲ್ಲಿ 40 ಮಂದಿಗೆ ಹಳೆಯ ಗಾನ, ಧ್ವನಿ, ದೃಶ್ಯಗಳು ಮರುಕಳಿಸಿದಂತೆ ತೋರಿದುವೆಂದು 1963ರಲ್ಲಿ ಅವರು ಪ್ರಕಟಿಸಿದರು. ಅನುಭವಗಳೆಲ್ಲ ಅಲ್ಲಿ ಅಚ್ಚಳಿಯದೆ ಲಿಖಿತವಾಗಿವೆಯೆಂಬ ಅವರ ಅನುಮಾನವನ್ನು ಮುಂದಿನ ಪಂಡಿತರು ಒಪ್ಪಲಿಲ್ಲ. ನಕ್ಷೆಯ ಉಪಯೋಗವು ಅದರಿಂದ ಕುಂದಲಿಲ್ಲ. ತಂತಿಯು ಕೈಯನ್ನು ಎತ್ತಿಸಬಲ್ಲದಾದರೂ, ಎತ್ತಬೇಕೆಂಬ ಸಂಕಲ್ಪವನ್ನು ಹುಟ್ಟಿಸಲಾರದೆಂದು ಅವರು ನಂಬಿ, 1976ರಲ್ಲಿ ತೀರಿಕೊಂಡರು.

ಇಂದು ಪಾರ್ಕಿನ್ಸನ್ ರೋಗದ ನಡುಕವನ್ನಡಗಿಸಲು ಮಿದುಳಿನ ಆಳದಲ್ಲಿ ತಂತಿಯನ್ನು ನೆಲೆಗೊಳಿಸುವ ವೈದ್ಯರಿಗೂ ಇದೇ ಪಾಠ. ತಂತಿಯ ಮೊನೆಯು ಎರಡು ಮೂರು ಮಿಲಿಮೀಟರು ಪಕ್ಕಕ್ಕೆ ಸರಿದರೆ, ನಡುಕ ನಿಲ್ಲುವುದರ ಬದಲು ಮುಖ ಸೆಳೆಯಬಹುದು, ಮಾತು ತೊದಲಬಹುದು. ಶಕ್ತಿಯು ಕೈಗೆ ಬಂದ ಮಾತ್ರಕ್ಕೆ ಕಾರ್ಯವು ಸಾಧಿಸದು. ಅದನ್ನು ಪ್ರಯೋಗಿಸತಕ್ಕ ಸ್ಥಾನವನ್ನು ತಾಳ್ಮೆಯಿಂದ ಅರಿಯುವುದೇ ವಿದ್ಯೆ. ಪೆನ್‌ಫೀಲ್ಡರು ಬಾಳೆಲ್ಲ ಆಚರಿಸಿ ತೋರಿಸಿದುದು ಇದನ್ನೇ.