ಹಾಸನ ಸೀಮೆಯ ದೊಡ್ಡ ಸ್ವಾಮಿಯವರು



ಒಂದು ದೇಶದ ಧರ್ಮಕೇಂದ್ರದ ಭಕ್ತಾದಿಗಳು ಇನ್ನೊಂದು ದೇಶದ ಧರ್ಮಕೇಂದ್ರಕ್ಕೆ ಭೇಟಿ ಕೊಡುವುದು ಈಗ ಹೊಸ ಸಂಗತಿಯೇನಲ್ಲ. ಹತ್ತು ಹದಿನೈದು ದಿನ ಇದ್ದು, ಜೊತೆಯಲ್ಲಿ ಬಲಿಪೂಜೆಯಲ್ಲಿ ಭಾಗವಹಿಸಿ, ಮನೆಗಳಲ್ಲಿ ಉಂಡು, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ನಮ್ಮವರೂ ಹಾಗೆಯೇ ಹೋಗಿ ಬರುತ್ತಾರೆ. ಇದು ಒಳ್ಳೆಯದೇ. ಆದರೆ ಇನ್ನೂರು ವರ್ಷಗಳ ಹಿಂದೆ ನಮ್ಮ ನಾಡಿಗೆ ಬಂದ ಒಬ್ಬ ಅತಿಥಿ ಹತ್ತು ದಿನವಲ್ಲ, 31 ವರ್ಷ ಇಲ್ಲಿದ್ದರು. ಅವರೇ ವಂದನೀಯ ಜಾನ್ ಆಂಟ್ವಾನ್ ದ್ಯುಬ್ವಾ ಸ್ವಾಮಿಗಳು. ಪುಸ್ತಕಗಳಲ್ಲಿ ಅವರು ಅಬೆ ದುಬೊಯ್. ನಮ್ಮ ಹಿರಿಯರ ಬಾಯಲ್ಲಿ ದೊಡ್ಡ ಸ್ವಾಮಿಯವರು.

ಅವರು ಹುಟ್ಟಿದ್ದು 1765-66ರ ಸುಮಾರಿಗೆ, ಫ್ರಾನ್ಸ್ ದೇಶದ ಆರ್ದೆಶ್ ಸೀಮೆಯ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದರು. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಸರ್ಕಾರಕ್ಕೆ ಪ್ರಮಾಣ ಮಾಡದ ಗುರುಗಳನ್ನು ಸೆರೆಗೆ ಹಾಕುತ್ತಿದ್ದರು, ಕೊಲ್ಲುತ್ತಿದ್ದರು. ಅದೇ ವರ್ಷ ಈ ತರುಣ ಗುರು ಪ್ಯಾರಿಸ್ಸಿನ ವಿದೇಶೀ ಪ್ರೇಷಿತ ಸಂಸ್ಥೆಯ ಮೂಲಕ ಹಡಗು ಹತ್ತಿ ಪುದುಚೇರಿಯ ಕಡೆಗೆ ಹೊರಟರು. ಯೇಸುಸಭೆಯನ್ನು 1773ರಲ್ಲಿ ರದ್ದುಗೊಳಿಸಿದ ಮೇಲೆ ಅವರ ಪ್ರೇಷಿತಕಾರ್ಯದ ಭಾರ ಈ ಸಂಸ್ಥೆಯ ಹೆಗಲಿಗೆ ಬಿದ್ದಿತ್ತು. ಕೆಲಸ ಬಹಳ, ಕೆಲಸಗಾರರು ಕೆಲವರೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನನ ಕಾಲದಲ್ಲಿ ಕರಾವಳಿಯಿಂದ ಸೆರೆ ತಂದ ಕಥೊಲಿಕರೂ ಈ ಸೀಮೆಯ ಹಳೆಯ ಕ್ರೈಸ್ತರೂ ಚದುರಿಹೋಗಿದ್ದರು. ಎಷ್ಟೋ ಮಂದಿ ಬಲವಂತಕ್ಕೆ ಮಣಿದು ಬೇರೆ ಧರ್ಮ ಸ್ವೀಕರಿಸಿದ್ದರು. ದೇವಾಲಯಗಳು ಹಾಳಾಗಿದ್ದವು. ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಲು ಗುರುಗಳಿರಲಿಲ್ಲ. ಇಂಥ ಹೊತ್ತಿನಲ್ಲಿ ದೊಡ್ಡ ಸ್ವಾಮಿಯವರು ಮೈಸೂರು ಸೀಮೆಗೆ ಬಂದರು. ಹೆದರಿಕೆಯಿಂದ ವಿಶ್ವಾಸವನ್ನು ಬಿಟ್ಟವರನ್ನು ಮತ್ತೆ ಧರ್ಮಸಭೆಯ ಮಡಿಲಿಗೆ ಸೇರಿಸಿಕೊಳ್ಳುವುದು ಅವರ ಮೊದಲ ಕೆಲಸವಾಯಿತು. ಬಿದ್ದವನನ್ನು ಎತ್ತುವವನಿಗೆ ಅವನ ಅವಮಾನವೂ ತಿಳಿದಿರಬೇಕು. ತಮ್ಮ ದೇಶದಲ್ಲಿ ಹಿಂಸೆ ಎಂದರೇನೆಂದು ಕಂಡು ಬಂದವರಿಗೆ ಅದು ತಿಳಿಯದಿರಲು ಸಾಧ್ಯವೇ?

ಆದರೆ ಪಾಪನಿವೇದನೆ ಕೇಳಿಸಿಕೊಂಡ ಮಾತ್ರಕ್ಕೆ ಹಸಿದ ಹೊಟ್ಟೆ ತುಂಬುವುದಿಲ್ಲ. ಯುದ್ಧ ಮತ್ತು ಸೆರೆವಾಸದಿಂದ ಜನ ಬಡವರಾಗಿದ್ದರು. ಅವರಿಗಾಗಿ ಸ್ವಾಮಿಯವರು ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಬಳಿ, ಹಳೆಯ ದಾಖಲೆಗಳಲ್ಲಿ ಸಾಥಳ್ಳಿ ಎಂದು ಬರೆದಿರುವ ಊರು. ನೆಲ ಸಿಕ್ಕಿದ ಒಕ್ಕಲಿಗೆ ಊರು ಸಿಗುತ್ತದೆ, ಊರು ಸಿಕ್ಕವನಿಗೆ ಮರ್ಯಾದೆ ಸಿಗುತ್ತದೆ. ಭಿಕ್ಷೆ ಕೊಟ್ಟಿದ್ದರೆ ಒಂದು ವರ್ಷ ಬದುಕುತ್ತಿದ್ದರು. ನೇಗಿಲು ಹಿಡಿದದ್ದರಿಂದ ತಲೆಮಾರುಗಳು ಬದುಕಿದವು.

ಅವರು ಮಾಡಿದ ಇನ್ನೊಂದು ಕೆಲಸ ಸಿಡುಬಿನ ದಾಕು ಹಾಕಿಸಿದ್ದು. ಇಂಗ್ಲೆಂಡಿನ ವೈದ್ಯ ಜೆನ್ನರ್ ಈ ವಿಧಾನವನ್ನು ಪ್ರಕಟಿಸಿದ್ದು 1798ರಲ್ಲಿ. ದಾಕಿನ ರಸ ಮುಂಬಯಿಗೆ ತಲುಪಿದ್ದು 1802ರಲ್ಲಿ. ಅದಾಗಿ ಒಂದೆರಡು ವರ್ಷಗಳಲ್ಲೇ, 1803-04ರಲ್ಲಿ, ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಅವರ ಮುಂದಾಳತ್ವದಲ್ಲಿ ದಾಕು ಹಾಕಲಾಯಿತು. ಆಗ ಸೀಸೆಯಲ್ಲಿ ಔಷಧ ಬರುತ್ತಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಕೆಲವು ದಿನಗಳ ನಂತರ ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಿತ್ತು. ಸಿಡುಬು ಬಂದರೆ ಅಮ್ಮ ಬಂದಳೆಂದು ಕೈಮುಗಿಯುತ್ತಿದ್ದ ತಾಯಂದಿರು ತಮ್ಮ ಆರೋಗ್ಯವಂತ ಕೂಸನ್ನು ಇದಕ್ಕೆ ಒಡ್ಡಬೇಕಿತ್ತು. ನಂಬಿಕೆ ಇಲ್ಲದೆ ಯಾವ ತಾಯಿ ಒಪ್ಪಿಯಾಳು?

ಆ ನಂಬಿಕೆ ಎಲ್ಲಿಂದ ಬಂತು? ಅವರು ನಮ್ಮವರಂತೆಯೇ ಉಡುಗೆ ಉಟ್ಟರು, ಗಡ್ಡ ಬಿಟ್ಟರು, ಮಾಂಸಾಹಾರ ಬಿಟ್ಟರು, ಜನರ ನಡುವೆ ಬಾಳಿದರು. ಹೀಗೆ ಇದ್ದುಕೊಂಡು ಜನರ ಆಚಾರ ವಿಚಾರಗಳ ಬಗ್ಗೆ ಒಂದು ದೊಡ್ಡ ಗ್ರಂಥ ಸಿದ್ಧಪಡಿಸಿದರು. ಮೈಸೂರಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಅದರ ಹಸ್ತಪ್ರತಿಯನ್ನು ಮದರಾಸಿಗೆ ಕಳುಹಿಸಿದರು. 1807ರಲ್ಲಿ ಕಂಪನಿ ಸರ್ಕಾರ ಅದನ್ನು 2,000 ವರಹಗಳಿಗೆ ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಲೋಕಕ್ಕೆಲ್ಲ ಅವರ ಹೆಸರು ತಿಳಿದದ್ದು ಈ ಪುಸ್ತಕದಿಂದ.

ಇಲ್ಲಿ ಎರಡು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಆ ಗ್ರಂಥದ ಬಹುಭಾಗ ಅವರಿಗಿಂತ ಮೊದಲಿದ್ದ ಯೇಸುಸಭೆಯ ಕೇರ್ದೂ ಸ್ವಾಮಿಗಳ ಬರಹದಿಂದ ಬಂದದ್ದೆಂದು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದ್ವಾಂಸೆ 1987ರಲ್ಲಿ ತೋರಿಸಿಕೊಟ್ಟರು. ಎರಡನೆಯದು, ನಮ್ಮ ಜನರನ್ನು ಪ್ರೀತಿಸಿದ ಈ ಗುರುಗಳು ನಮ್ಮ ಆಚಾರಗಳ ಬಗ್ಗೆ ಬಹಳ ಕಟುವಾಗಿಯೂ ಬರೆದಿದ್ದಾರೆ. ಬಹುಕಾಲ ಜೊತೆಗಿದ್ದವರೂ ಕೆಲವೊಮ್ಮೆ ನೋಡಿದ್ದನ್ನು ಸರಿಯಾಗಿ ನೋಡುವುದಿಲ್ಲ. ಹತ್ತು ದಿನ ಬಂದು ಹೋಗುವ ನಾವು, ಅವರು ಎಲ್ಲರೂ ಇದನ್ನು ಮರೆಯಬಾರದು.

1823ರಲ್ಲಿ ಅವರು ಭಾರತವನ್ನು ಬಿಟ್ಟು ಹೊರಟರು. ಕಂಪನಿ ಅವರ ಪ್ರಯಾಣದ ಖರ್ಚನ್ನೂ ವಿಶ್ರಾಂತಿ ವೇತನವನ್ನೂ ಕೊಟ್ಟಿತು. ಆದರೆ ಹೋಗುವಾಗ ಅವರ ಮನಸ್ಸು ಭಾರವಾಗಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಈ ದೇಶದಲ್ಲಿ ಶುಭಸಂದೇಶ ಇನ್ನು ಹರಡುವುದು ಸಾಧ್ಯವಿಲ್ಲವೆಂದು, ತಮ್ಮ ಇಷ್ಟು ವರ್ಷಗಳ ದುಡಿಮೆಯೂ ಹೆಚ್ಚು ಫಲ ಕೊಡಲಿಲ್ಲವೆಂದು ಬರೆದುಕೊಂಡರು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಪ್ರೊಟೆಸ್ಟೆಂಟ್ ಪಾದ್ರಿಗಳು ಮರುವರ್ಷವೇ ಪುಸ್ತಕ ಬರೆದು ಅವರನ್ನು ವಿರೋಧಿಸಿದರು.

ಒಬ್ಬ ಗುರುವಾಗಿ ಈ ಭಾಗವನ್ನು ಓದಿದಾಗ ನನಗೆ ನೋವಾಗುತ್ತದೆ. ಅಷ್ಟು ದುಡಿದವರು ತಾವು ಸೋತೆವೆಂದುಕೊಂಡು ಹೋದರು. ಆದರೂ ಅವರು ನಮ್ಮನ್ನು ಮರೆಯಲಿಲ್ಲ. ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಿರುಗಿಸಿ 1826ರಲ್ಲಿ ಪ್ರಕಟಿಸಿದರು. 1836ರಿಂದ 1839ರವರೆಗೆ ತಮ್ಮನ್ನು ಕಳುಹಿಸಿದ ಸಂಸ್ಥೆಗೇ ಮುಖ್ಯಸ್ಥರಾದರು. ಪೂರ್ವದೇಶಗಳಿಗೆ ಹೊರಡುವ ತರುಣ ಗುರುಗಳು ಸಿದ್ಧರಾಗುತ್ತಿದ್ದ ಮನೆ ಅದು. ಬರಿಗೈಯಲ್ಲಿ ಹಿಂತಿರುಗಿದೆನೆಂದುಕೊಂಡವರೇ ಮುಂದಿನವರನ್ನು ಕಳುಹಿಸಿಕೊಟ್ಟರು. 1848ರ ಫೆಬ್ರವರಿ 17ರಂದು ಪ್ರಭುವಿನಲ್ಲಿ ನಿದ್ರಿಸಿದರು.

ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಗೊರೂರಿನ ಬಳಿ ಶೆಟ್ಟಿಹಳ್ಳಿಯ ಹಳೆಯ ದೇವಾಲಯವನ್ನು ನೀವು ನೋಡಿರಬಹುದು. 1860ರ ದಶಕದಲ್ಲಿ, ದೊಡ್ಡ ಸ್ವಾಮಿಯವರು ತೀರಿಕೊಂಡ ನಂತರ, ಅವರ ದೇಶದಿಂದಲೇ ಬಂದ ಗುರುಗಳು ಕಟ್ಟಿಸಿದ್ದು. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿನ ಹಿನ್ನೀರು ಅದನ್ನು ಆವರಿಸಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ದೂರದೂರದವರು ಬಂದು ಫೋಟೋ ತೆಗೆದುಕೊಳ್ಳುತ್ತಾರೆ. ಗೋಡೆ ಕುಸಿದಿದೆ, ಆದರೆ ಅಲ್ಲಿ ಮೊಣಕಾಲೂರಿದ್ದ ಕುಟುಂಬಗಳ ವಿಶ್ವಾಸ ಬೇರೆ ಊರುಗಳಲ್ಲಿ ಉಳಿದಿದೆ. ಫಲವಿಲ್ಲವೆಂದು ಬರೆದ ಸ್ವಾಮಿಯವರು ಇದನ್ನು ಕಾಣಲಿಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನನ್ನ ಸಹೋದರ ಸಹೋದರಿಯರೇ, ನಾಳೆ ನಿಮ್ಮ ಮನೆಗೆ ಬೇರೆ ದೇಶದ ವಿಶ್ವಾಸಿ ಬಂದರೆ ತಟ್ಟೆಯಲ್ಲಿ ಮುದ್ದೆಯನ್ನೇ ಬಡಿಸಿ, ನಾಚಿಕೆ ಬೇಡ. ನಮ್ಮ ಕಷ್ಟವನ್ನೂ ಹೇಳಿ, ಅವರ ಕಷ್ಟವನ್ನೂ ಕೇಳಿ. ನೀವೇ ಪರದೇಶಕ್ಕೆ ಹೋಗುವಿರಾದರೆ ತೀರ್ಪು ಕೊಡಲು ಆತುರಪಡಬೇಡಿ. ಮತ್ತು ಇಂದು ರಾತ್ರಿ ಕುಟುಂಬದ ಜಪಮಾಲೆಯಲ್ಲಿ, ನಮ್ಮ ಅಜ್ಜಂದಿರ ಅಜ್ಜಂದಿರಿಗೆ ನೆಲವನ್ನೂ ಸಂಸ್ಕಾರಗಳನ್ನೂ ಕೊಟ್ಟು, ಭಾರವಾದ ಮನಸ್ಸಿನಿಂದ ಹಿಂತಿರುಗಿದ ಆ ಗುರುವಿನ ಆತ್ಮಕ್ಕಾಗಿ ಒಂದು ನಮೋ ಮರಿಯಾ ಹೇಳೋಣ.