ಡಾ. ಐಡಾ ಸ್ಕಡರ್

ಮಿಷನರಿ ವೈದ್ಯರ ಮನೆತನದಲ್ಲಿ 1870ರಲ್ಲಿ ಜನಿಸಿದ ಐಡಾ ಸ್ಕಡರ್ ಅವರಿಗೆ ಮಿಷನರಿಯಾಗುವ ಇಚ್ಛೆಯೇ ಇರಲಿಲ್ಲ. ಆದರೆ ಇಂದಿನ ತಮಿಳುನಾಡಿನ ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಸ್ತ್ರೀಯರು ಹೆರಿಗೆಯ ಸಂಕಟದಲ್ಲಿ ಮಡಿದರು. ಐಡಾರ ತಂದೆ ವೈದ್ಯರಾಗಿದ್ದರೂ, ಪರಪುರುಷರೆಂಬ ಕಾರಣಕ್ಕೆ ಅವರ ಚಿಕಿತ್ಸೆಯನ್ನು ಆ ಮನೆಯವರು ಒಪ್ಪಿರಲಿಲ್ಲ. ಧರ್ಮಬೋಧೆಯ ಕರುಣೆಗೆ ವೈದ್ಯವಿದ್ಯೆ ಬಲ್ಲ ಸ್ತ್ರೀಯ ಕೈ ಬೇಕೆಂದು ಐಡಾ ಅರಿತರು. ಅಮೆರಿಕದಲ್ಲಿ 1899ರಲ್ಲಿ ವೈದ್ಯ ಪದವೀಧರೆಯಾಗಿ, ವೆಲ್ಲೂರಿನಲ್ಲಿ 1902ರಲ್ಲಿ ಆಸ್ಪತ್ರೆ ತೆರೆದರು. ಒಬ್ಬಳ ದುಡಿಮೆ ಎಷ್ಟು ಮನೆಗಳನ್ನು ಮುಟ್ಟೀತು? ಆದುದರಿಂದ 1909ರಲ್ಲಿ ದಾದಿಯರ ಶಾಲೆಯನ್ನೂ 1918ರಲ್ಲಿ ಸ್ತ್ರೀಯರ ವೈದ್ಯಶಾಲೆಯನ್ನೂ ಸ್ಥಾಪಿಸಿದರು. ಬೋಧಿಸಲು ಬಂದ ಮಿಷನ್, ಈ ನೆಲದ ಹೆಣ್ಣುಮಕ್ಕಳನ್ನೇ ವೈದ್ಯರನ್ನಾಗಿಸುವ ವಿದ್ಯಾಲಯವಾಯಿತು. 1960ರಲ್ಲಿ ಅವರು ದೈವಾಧೀನರಾದರು. ಮನೆಗೆ ಮೊದಲ ಪದವೀಧರರಾಗಲಿರುವ ನಮ್ಮಂಥವರಿಗೆ, ಕಲಿತದ್ದನ್ನು ಕಲಿಸುವುದೇ ವಿದ್ಯೆಯ ಋಣ ತೀರಿಸುವ ದಾರಿಯೆಂದು ಅವರ ಬಾಳು ತೋರಿಸುತ್ತದೆ.